ಓದಿನ ನಡುವೆ ದಾರಿ ಬದಲಿಸಬೇಕೆನಿಸಿದಾಗ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ನಮ್ಮ ಮನೆಗಳಲ್ಲಿ ಬಹು ದೊಡ್ಡ ನಿರ್ಧಾರವೊಂದು ನಡೆದುಹೋಗುತ್ತದೆ. ಸಿಇಟಿಯ ರ‍್ಯಾಂಕು, ದೊರೆಯಬಹುದಾದ ಸೀಟು, ಕಟ್ಟಬೇಕಾದ ಶುಲ್ಕ, ನೆಂಟರಿಷ್ಟರ ಸಲಹೆ, ನೆರೆಮನೆಯ ಹುಡುಗನಿಗೆ ದೊರೆತ ಉದ್ಯೋಗ ಇವೆಲ್ಲವೂ ಕೂಡಿ ಹದಿನೇಳು, ಹದಿನೆಂಟರ ವಯಸ್ಸಿನ ಮಗುವಿನ ಮುಂದಿನ ದಾರಿಯನ್ನು ಗೊತ್ತುಮಾಡುತ್ತವೆ. ಆ ದಾರಿಯಲ್ಲಿ ಒಂದೆರಡು ವರ್ಷ ನಡೆದ ಮೇಲೆ ಕೆಲವರಲ್ಲಿ ‘ಇದು ನನ್ನದಲ್ಲ’ ಎಂಬ ಭಾವ ಮೂಡುತ್ತದೆ. ಎಂಜಿನಿಯರಿಂಗ್ ಓದುತ್ತಿರುವವನಿಗೆ ಶಿಕ್ಷಕನಾಗಬೇಕೆನಿಸುತ್ತದೆ. ವಾಣಿಜ್ಯ ಓದುತ್ತಿರುವವಳಿಗೆ ಕಾನೂನು ಓದಬೇಕೆನಿಸುತ್ತದೆ. ಬೇರೊಬ್ಬನಿಗೆ ಸಂಗೀತವೋ, ಕೃಷಿಯೋ, ಇತಿಹಾಸವೋ ಮನಸ್ಸನ್ನು ಸೆಳೆಯುತ್ತದೆ.

ಇದು ಶಿಕ್ಷಣದ ವಿಚಾರ, ಆರೋಗ್ಯದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ಸದ್ಭಕ್ತರು ಕೇಳಬಹುದು. ಮನಸ್ಸಿನಲ್ಲಿ ಹುಟ್ಟಿದ ಈ ಮಾತನ್ನು ಹೇಳಿಕೊಳ್ಳಲು ಮನೆಯಲ್ಲಿ ಜಾಗವಿಲ್ಲದಿದ್ದರೆ ಅದು ಶರೀರದಲ್ಲಿ ಜಾಗ ಹುಡುಕುತ್ತದೆ. ನಿದ್ರೆ ಕೆಡುತ್ತದೆ, ಹಸಿವು ಇಂಗುತ್ತದೆ, ತಲೆನೋವು ಹೊಟ್ಟೆನೋವುಗಳು ಕಾರಣವಿಲ್ಲದೆ ಮರುಕಳಿಸುತ್ತವೆ. ಕೆಲವೊಮ್ಮೆ ಪರಿಣಾಮ ಇನ್ನೂ ಘೋರವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ಇವರೆಲ್ಲರ ದುಃಖಕ್ಕೂ ಓದೇ ಕಾರಣವೆಂದು ಹೇಳಲಾಗದು. ಇಂತಹ ಸಾವಿನ ಹಿಂದೆ ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ. ಆದರೂ ಎಳೆಯರ ಮನಸ್ಸಿನ ಭಾರವನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಈ ಸಂಖ್ಯೆಯೊಂದೇ ಸಾಕು.

ದಾರಿ ಬದಲಿಸಬೇಕೆಂಬ ಬಯಕೆ ಅಪರಾಧವೂ ಅಲ್ಲ, ರೋಗವೂ ಅಲ್ಲ. ಆದರೆ ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯದೆ ಒಪ್ಪುವುದೂ, ತಿಳಿಯದೆ ನಿರಾಕರಿಸುವುದೂ ಎರಡೂ ಅಪಾಯಕರ. ಈ ಲೇಖನದಲ್ಲಿ ಆ ಮೂಲವನ್ನು ಹುಡುಕುವ ಬಗೆಯನ್ನು ನೋಡೋಣ.

ಈ ವಯಸ್ಸಿನ ಮನಸ್ಸು

ಮನುಷ್ಯನ ಮಿದುಳಿನ ಮುಂಭಾಗವು ದೂರದ ಪರಿಣಾಮಗಳನ್ನು ತೂಗಿನೋಡುವ, ಆವೇಗವನ್ನು ಹಿಡಿತದಲ್ಲಿಡುವ, ಯೋಜನೆ ಹಾಕುವ ಕಾರ್ಯಗಳಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಈ ಭಾಗದ ಬೆಳವಣಿಗೆ ಇಪ್ಪತ್ತರ ಹರೆಯದ ನಡುಭಾಗದವರೆಗೂ ಮುಂದುವರಿಯುತ್ತದೆಂದು ವೈದ್ಯವಿಜ್ಞಾನ ತಿಳಿಸುತ್ತದೆ. ಆದುದರಿಂದ ಹದಿನೇಳರಲ್ಲಿ ತನ್ನನ್ನು ತಾನು ಅರಿತುಕೊಂಡದ್ದಕ್ಕಿಂತ ಇಪ್ಪತ್ತರಲ್ಲಿ ಹೆಚ್ಚು ಅರಿತುಕೊಳ್ಳುವುದು ಸಹಜ. ಅಷ್ಟೇ ಅಲ್ಲ, ಹದಿನೇಳರಲ್ಲಿ ಮಗುವಿಗೆ ಗೊತ್ತಿರುವುದು ಪಠ್ಯಪುಸ್ತಕ ಮಾತ್ರ, ವೃತ್ತಿಯಲ್ಲ. ಗಣಿತದಲ್ಲಿ ಒಳ್ಳೆಯ ಅಂಕ ಬಂದ ಮಾತ್ರಕ್ಕೆ ಎಂಜಿನಿಯರನ ದಿನನಿತ್ಯದ ಕೆಲಸ ಹಿಡಿಸುತ್ತದೆಂದು ಹೇಳಲಾಗದು. ಜೀವಶಾಸ್ತ್ರ ಇಷ್ಟವಾದ ಮಾತ್ರಕ್ಕೆ ರೋಗಿಗಳ ನಡುವೆ ರಾತ್ರಿಪಾಳಿ ಮಾಡುವುದು ಇಷ್ಟವಾಗಬೇಕೆಂದಿಲ್ಲ. ಹೀಗಾಗಿ ನಡುವೆ ಮನಸ್ಸು ಬದಲಾದರೆ ಅದನ್ನು ಕೂಡಲೇ ಚಂಚಲತೆ ಎಂದು ಕರೆಯುವುದು ಸರಿಯಲ್ಲ. ಕೆಲವೊಮ್ಮೆ ಅದು ಅರಿವು ಬೆಳೆದುದರ ಗುರುತು.

ಅಮೆರಿಕದ ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರು ಮನುಷ್ಯನ ಮನಸ್ಸು ನೆಮ್ಮದಿಯಿಂದಿರಲು ಮೂರು ಅಗತ್ಯಗಳು ಪೂರೈಸಬೇಕೆಂದು ಪ್ರತಿಪಾದಿಸಿದರು. ಮಾಡುವ ಕೆಲಸ ತನ್ನ ಒಪ್ಪಿಗೆಯಿಂದ ಆದದ್ದು ಎಂಬ ಭಾವ ಮೊದಲನೆಯದು. ಅದನ್ನು ತಾನು ಮಾಡಬಲ್ಲೆ ಎಂಬ ವಿಶ್ವಾಸ ಎರಡನೆಯದು. ಸುತ್ತಲಿನವರು ತನ್ನವರೆಂಬ ಆತ್ಮೀಯತೆ ಮೂರನೆಯದು. ಕಾಲೇಜಿನಲ್ಲಿ ಬಳಲುತ್ತಿರುವ ಮಗುವಿನ ಸ್ಥಿತಿಯನ್ನು ಅರಿಯಲು ಈ ಮೂರು ಪ್ರಶ್ನೆಗಳು ಒಳ್ಳೆಯ ದೀಪಗಳು. ಈ ಓದನ್ನು ಅವನೇ ಒಪ್ಪಿ ಹಿಡಿದನೇ? ಅದರಲ್ಲಿ ಅವನಿಗೆ ಹಿಡಿತ ಸಿಕ್ಕಿದೆಯೇ? ಅಲ್ಲಿ ಅವನಿಗೆ ತನ್ನವರೆನ್ನುವ ನಾಲ್ಕು ಜನರಿದ್ದಾರೆಯೇ? ಕೊನೆಯ ಎರಡರಲ್ಲಿ ಕೊರತೆಯಿದ್ದರೆ ಪರಿಹಾರ ಬೇರೆ. ಮೊದಲನೆಯದರಲ್ಲಿಯೇ ಕೊರತೆಯಿದ್ದರೆ ಪರಿಹಾರ ಬೇರೆ.

ದಣಿವೋ, ಕಾಯಿಲೆಯೋ, ವಿಷಯದ ಬೇಸರವೋ?

‘ಓದಲು ಮನಸ್ಸಾಗುತ್ತಿಲ್ಲ, ಕೋರ್ಸ್ ಬದಲಿಸಬೇಕು’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬಗೆಯ ಕಾರಣಗಳಿರಬಹುದು. ಇವುಗಳನ್ನು ಬೇರ್ಪಡಿಸಿ ನೋಡುವುದೇ ಮೊದಲ ಹೆಜ್ಜೆ.

ಮೊದಲನೆಯದು ಶರೀರ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ವಿಟಮಿನ್ ಬಿ-12 ಕೊರತೆ ಇವು ಮೂರೂ ಆಯಾಸವನ್ನೂ, ಗಮನ ನಿಲ್ಲದಿರುವುದನ್ನೂ, ಮಂಕುತನವನ್ನೂ ಉಂಟುಮಾಡುತ್ತವೆ. ಬಿ-12 ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ ಸಹಜವಾಗಿ ದೊರೆಯುವ ಪೋಷಕಾಂಶ. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮುಖ್ಯ ಮೂಲ. ಮನೆಯಲ್ಲಿ ದಿನವೂ ಹಾಲು ಮೊಸರು ಉಂಡ ಮಕ್ಕಳು ಹಾಸ್ಟೆಲ್ಲಿಗೆ ಹೋದ ಮೇಲೆ ಚಹಾ ಬಿಸ್ಕತ್ತುಗಳಲ್ಲಿ ದಿನ ಕಳೆಯುವುದುಂಟು. ಆದುದರಿಂದ ತಿಂಗಳುಗಟ್ಟಲೆ ಆಯಾಸ ಹೇಳುವ ಮಗುವಿಗೆ ಉಪದೇಶ ಮಾಡುವ ಮೊದಲು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸುವುದು ಒಳಿತು. ನಿದ್ರೆಯನ್ನೂ ವಿಚಾರಿಸಬೇಕು. ಈ ವಯಸ್ಸಿನವರಿಗೆ ರಾತ್ರಿ 7ರಿಂದ 9 ಗಂಟೆಗಳ ನಿದ್ರೆ ಬೇಕು. ಮೊಬೈಲ್ ಹಿಡಿದು ಎರಡು ಗಂಟೆಗೆ ಮಲಗಿ ಏಳಕ್ಕೆ ಏಳುವವನಿಗೆ ಯಾವ ವಿಷಯವೂ ರುಚಿಸದು.

ಎರಡನೆಯದು ಖಿನ್ನತೆ. ಎರಡು ವಾರಗಳಿಗೂ ಮೀರಿ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು. ಮೊದಲು ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು. ನಿದ್ರೆ ಆಹಾರಗಳಲ್ಲಿ ಏರುಪೇರು. ತಾನು ಯಾವುದಕ್ಕೂ ಪ್ರಯೋಜನವಿಲ್ಲವೆಂಬ ಭಾವ ಇವು ಅದರ ಲಕ್ಷಣಗಳು. ವಿಷಯದ ಬೇಸರಕ್ಕೂ ಖಿನ್ನತೆಗೂ ಒಂದು ವ್ಯತ್ಯಾಸವುಂಟು. ಬರೀ ವಿಷಯ ಬೇಸರವಾದವನು ತರಗತಿಯಿಂದ ಹೊರಬಂದೊಡನೆ ಗೆಳೆಯರೊಡನೆ ನಗುತ್ತಾನೆ, ಆಡುತ್ತಾನೆ, ತನಗೆ ಪ್ರಿಯವಾದ ಪುಸ್ತಕ ಹಿಡಿದು ಕೂರುತ್ತಾನೆ. ಖಿನ್ನತೆಗೆ ಒಳಗಾದವನಿಗೆ ಆಟವೂ ಬೇಡ, ಹಬ್ಬವೂ ಬೇಡ, ಊಟವೂ ಬೇಡ. ಅಂತಹ ಸ್ಥಿತಿಯಲ್ಲಿ ಕೋರ್ಸ್ ಬಿಡುವ ಕೊನೆಯ ನಿರ್ಧಾರವನ್ನು ಕೈಗೊಳ್ಳಬಾರದು. ಮೊದಲು ಚಿಕಿತ್ಸೆ, ಮನಸ್ಸು ತಿಳಿಯಾದ ಮೇಲೆ ನಿರ್ಧಾರ. ಖಿನ್ನತೆಗೆ ಪರಿಣಾಮಕಾರಿಯಾದ ಚಿಕಿತ್ಸೆಯುಂಟು. ಅದು ದೌರ್ಬಲ್ಯವೂ ಅಲ್ಲ, ನಾಟಕವೂ ಅಲ್ಲ.

ಮೂರನೆಯದು ಪರಿಸರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಮೊದಲಿಗನಾಗಿದ್ದ ಹುಡುಗ ವೃತ್ತಿಶಿಕ್ಷಣದ ಮೊದಲ ವರ್ಷದಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಹಿಂದೆ ಬೀಳುತ್ತಾನೆ. ಅವನಿಗೆ ಕಷ್ಟವಾಗಿರುವುದು ವಿಷಯವಲ್ಲ, ಭಾಷೆ. ಇನ್ನೊಬ್ಬಳು ಹಾಸ್ಟೆಲಿನ ಒಂಟಿತನಕ್ಕೆ, ಮತ್ತೊಬ್ಬ ರ‍್ಯಾಗಿಂಗಿಗೆ, ಮಗದೊಬ್ಬ ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಅವಮಾನಕ್ಕೆ ನಲುಗಿರಬಹುದು. ಇಂತಹವರು ಕೋರ್ಸ್ ಬದಲಿಸಿದರೂ ಅದೇ ಕಷ್ಟ ಹೊಸ ಜಾಗದಲ್ಲಿ ಎದುರಾಗಬಹುದು. ಭಾಷೆಗೆ ಆರು ತಿಂಗಳ ಅಭ್ಯಾಸ, ಅನುತ್ತೀರ್ಣವಾದ ವಿಷಯಕ್ಕೆ ಒಬ್ಬ ಒಳ್ಳೆಯ ಗುರು, ರ‍್ಯಾಗಿಂಗಿಗೆ ಕಾಲೇಜಿನಲ್ಲಿ ಲಿಖಿತ ದೂರು, ಇವು ಅಲ್ಲಿಗೆ ತಕ್ಕ ಮದ್ದು.

ನಾಲ್ಕನೆಯದೇ ನಿಜವಾದ ಹೊಂದಾಣಿಕೆಯ ಕೊರತೆ. ಶರೀರ ಚೆನ್ನಾಗಿದೆ, ಗೆಳೆಯರಿದ್ದಾರೆ, ಅಂಕಗಳೂ ಬರುತ್ತಿವೆ. ಆದರೂ ಆ ವಿದ್ಯೆಯಲ್ಲಿ ಬದುಕು ಕಳೆಯುವುದನ್ನು ನೆನೆದರೆ ಮನಸ್ಸು ಒಪ್ಪುವುದಿಲ್ಲ. ಬೇರೊಂದು ವಿಷಯದ ಕಡೆಗೆ ಅದು ತಾನಾಗಿ ಹರಿಯುತ್ತದೆ, ಯಾರೂ ಹೇಳದೆ ಆ ಕೆಲಸವನ್ನು ಮಾಡುತ್ತದೆ. ಈ ಬಯಕೆ ಒಂದು ಪರೀಕ್ಷೆಯ ಮರುದಿನ ಹುಟ್ಟಿ ರಜೆಯಲ್ಲಿ ಮರೆಯಾಗುವುದಿಲ್ಲ. ಆರೆಂಟು ತಿಂಗಳು ಕಳೆದರೂ ಹಾಗೆಯೇ ನಿಂತಿರುತ್ತದೆ. ಇಂತಹ ಬಯಕೆಯನ್ನು ಗಂಭೀರವಾಗಿ ಪರಿಗಣಿಸಬೇಕು.

ಆಸಕ್ತಿ ಸಿದ್ಧವಾಗಿ ದೊರೆಯುವ ವಸ್ತುವಲ್ಲ

ನಿನಗೆ ಪ್ರಿಯವಾದುದನ್ನು ಹುಡುಕಿಕೊ ಎಂದು ಯುವಜನರಿಗೆ ಇಂದು ಎಲ್ಲೆಡೆಯೂ ಹೇಳಲಾಗುತ್ತಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2018ರಲ್ಲಿ ಪಾಲ್ ಒಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಆಸಕ್ತಿಯೆಂಬುದು ಒಳಗೆಲ್ಲೋ ಸಿದ್ಧವಾಗಿರುತ್ತದೆ, ಹುಡುಕಿದರೆ ಸಾಕು ಎಂದು ನಂಬಿದವರು ಹೊಸ ವಿಷಯ ಕಠಿಣವಾದೊಡನೆ ಅದನ್ನು ಬೇಗ ಕೈಬಿಡುವ ಪ್ರವೃತ್ತಿಯನ್ನು ತೋರಿದರು. ಆಸಕ್ತಿಯನ್ನು ಬೆಳೆಸಿಕೊಳ್ಳಬಹುದು ಎಂದು ನಂಬಿದವರಲ್ಲಿ ಆ ಇಳಿತ ಕಡಿಮೆಯಿತ್ತು. ಗಿಡ ನೆಟ್ಟ ಮರುದಿನ ಹಣ್ಣು ಬಾರದು. ನೀರೆರೆದಂತೆಲ್ಲ ಬೇರು ಇಳಿಯುತ್ತದೆ. ಹೊಸ ದಾರಿಯಲ್ಲಿಯೂ ಬೇಸರದ ದಿನಗಳಿರುತ್ತವೆ ಎಂಬುದನ್ನು ಅರಿತು ಹೊರಟವನು ಮಾತ್ರ ಅಲ್ಲಿ ನಿಲ್ಲುತ್ತಾನೆ.

ಆದುದರಿಂದ ಬಿಡುವ ಮೊದಲು ಹಿಡಿದು ನೋಡಬೇಕು. ಕಾನೂನು ಓದಬೇಕೆನ್ನುವವಳು ಪರಿಚಯದ ವಕೀಲರೊಬ್ಬರ ಕಚೇರಿಯಲ್ಲಿ ಬೇಸಿಗೆ ರಜೆಯ ಒಂದು ತಿಂಗಳು ಕಳೆಯಲಿ. ಶಿಕ್ಷಕನಾಗಬೇಕೆನ್ನುವವನು ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳಿ ನೋಡಲಿ. ಕೃಷಿಗೆ ಮರಳಬೇಕೆನ್ನುವವನು ಒಂದು ಹಂಗಾಮು ಹೊಲದಲ್ಲಿ ದುಡಿದು, ಖರ್ಚು ಆದಾಯಗಳನ್ನು ಬರೆದಿಡಲಿ. ಹೀಗೆ ನೋಡಿದ ಮೇಲೂ ಆಸೆ ಉಳಿದರೆ ಅದು ಕನಸಲ್ಲ, ನೆಲೆಯುಳ್ಳ ಬಯಕೆ.

ಕಳೆದ ವರ್ಷಗಳು ವ್ಯರ್ಥವೇ?

‘ಎರಡು ವರ್ಷ ಓದಿದ್ದು, ಕಟ್ಟಿದ ಹಣ ಎಲ್ಲ ನೀರುಪಾಲಾಯಿತಲ್ಲ’ ಎಂಬ ಸಂಕಟ ಹೆತ್ತವರನ್ನು ಕಾಡುತ್ತದೆ. ಈ ಸಂಕಟ ಸಹಜವಾದುದೇ. ಆದರೆ ಖರ್ಚಾಗಿಹೋದ ಹಣವು ಮುಂದುವರಿದರೂ ಮರಳದು, ನಿಲ್ಲಿಸಿದರೂ ಮರಳದು. ಮುಂದಿನ ವರ್ಷಗಳು ಹೇಗೆ ಸಾಗಬೇಕೆಂಬುದೇ ಈಗ ಉಳಿದ ಪ್ರಶ್ನೆ. ಇದಲ್ಲದೆ ಕಲಿತ ವಿದ್ಯೆ ಹಾಗೆ ನೀರುಪಾಲಾಗುವುದೂ ಇಲ್ಲ.

ವೆಂಕಟರಾಮನ್ ರಾಮಕೃಷ್ಣನ್ ಅವರು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನಂತರ, ತಮ್ಮ ಒಲವು ಜೀವವಿಜ್ಞಾನದ ಕಡೆಗಿದೆಯೆಂದು ಕಂಡುಕೊಂಡು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಮುಂದೆ ಜೀವಕೋಶದ ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ರಸಾಯನವಿಜ್ಞಾನದಲ್ಲಿ. ಆ ಸಂಶೋಧನೆಗೆ ಬಳಸಿದ ಎಕ್ಸ್-ರೇ ವಿಧಾನವು ಭೌತವಿಜ್ಞಾನದ ಕೊಡುಗೆಯೇ ಆಗಿತ್ತು. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಿರೀಶ ಕಾರ್ನಾಡರು ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಆಕ್ಸ್‌ಫರ್ಡಿನಲ್ಲಿ ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. 1998ರಲ್ಲಿ ಜ್ಞಾನಪೀಠ ಪ್ರಶಸ್ತಿ ಸಂದದ್ದು ಸಾಹಿತ್ಯಕ್ಕೆ. ದಾರಿ ಬದಲಿಸಿದವರೆಲ್ಲರೂ ಇಂತಹ ಎತ್ತರಕ್ಕೆ ಏರುತ್ತಾರೆಂದು ಇದರ ಅರ್ಥವಲ್ಲ. ಹಿಂದಿನ ಓದು ಮುಂದಿನ ದಾರಿಯಲ್ಲಿ ಬುತ್ತಿಯಾಗಬಲ್ಲದು ಎಂಬಷ್ಟನ್ನೇ ನಾವು ಇಲ್ಲಿ ಹೇಳುತ್ತಿರುವುದು.

ಮುಂದಿರುವ ದಾರಿಗಳು

ಬದಲಾವಣೆಯೆಂದರೆ ನಾಳೆಯೇ ಕಾಲೇಜು ಬಿಟ್ಟು ಬರುವುದು ಎಂದು ತಿಳಿಯಬೇಕಿಲ್ಲ. ಇಲ್ಲಿ ನಾಲ್ಕು ದಾರಿಗಳಿವೆ.

ಹಿಡಿದ ಪದವಿಯನ್ನು ಮುಗಿಸಿ ಅನಂತರ ತಿರುಗುವುದು ಒಂದು. ಮೂರು ವರ್ಷದ ಕಾನೂನು ಪದವಿ, ಎಂಬಿಎ, ಕೇಂದ್ರ ಮತ್ತು ರಾಜ್ಯ ಲೋಕಸೇವಾ ಆಯೋಗಗಳ ನಾಗರಿಕ ಸೇವಾ ಪರೀಕ್ಷೆಗಳು ಇವುಗಳಿಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಒಂದೂವರೆ ವರ್ಷ ಮಾತ್ರ ಉಳಿದಿರುವವರಿಗೆ, ಆರೋಗ್ಯ ಸಹಕರಿಸುವುದಾದರೆ, ಇದೇ ಹೆಚ್ಚಾಗಿ ಸೂಕ್ತ.

ಅದೇ ಕಾಲೇಜಿನಲ್ಲಿ ವಿಭಾಗ ಬದಲಿಸುವುದು ಎರಡನೆಯದು. ಎಂಜಿನಿಯರಿಂಗಿನಲ್ಲಿ ಮೊದಲ ವರ್ಷದ ಅಂಕ ಹಾಗೂ ಖಾಲಿಯಿರುವ ಸೀಟುಗಳ ಆಧಾರದ ಮೇಲೆ ಎರಡನೆಯ ವರ್ಷದಲ್ಲಿ ಬೇರೆ ವಿಭಾಗಕ್ಕೆ ಹೋಗಲು ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ.

ಇದ್ದ ಓದಿನ ಜೊತೆಯಲ್ಲಿಯೇ ಇನ್ನೊಂದನ್ನು ಹಿಡಿಯುವುದು ಮೂರನೆಯದು. ಎರಡು ಪದವಿಗಳನ್ನು ಏಕಕಾಲಕ್ಕೆ ಓದಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಿಂದ ಇಂತಹ ಶಿಕ್ಷಣ ನೀಡುತ್ತಿದೆ.

ಬಿಟ್ಟು ಹೊಸದಾಗಿ ಸೇರುವುದು ನಾಲ್ಕನೆಯದು. ಮೊದಲ ವರ್ಷದಲ್ಲಿಯೇ ನಿಶ್ಚಯವಾದವರಿಗೆ ಇದರ ನಷ್ಟ ಕಡಿಮೆ. ಪದವಿಪೂರ್ವದಲ್ಲಿ ವಿಜ್ಞಾನ ಓದಿದವರು ಕಲೆ, ವಾಣಿಜ್ಯ, ಐದು ವರ್ಷದ ಕಾನೂನು ಪದವಿಗಳಿಗೆ ಹೋಗಬಹುದು. ಆದರೆ ಕಲೆ ಅಥವಾ ವಾಣಿಜ್ಯ ಓದಿದವರಿಗೆ ವೈದ್ಯಕೀಯ, ಎಂಜಿನಿಯರಿಂಗ್ ಪದವಿಗಳ ಬಾಗಿಲು ನೇರವಾಗಿ ತೆರೆಯುವುದಿಲ್ಲ.

ಹೊರಡುವ ಮೊದಲು ಕೆಲವು ಸಂಗತಿಗಳನ್ನು ಲಿಖಿತವಾಗಿ ಕೇಳಿ ತಿಳಿಯಬೇಕು. ಸೀಟು ಬಿಟ್ಟರೆ ದಂಡವುಂಟೇ? ವಿದ್ಯಾರ್ಥಿವೇತನ ನಿಲ್ಲುವುದೇ? ಬ್ಯಾಂಕಿನ ಶಿಕ್ಷಣ ಸಾಲದ ಕಂತು ಯಾವಾಗ ಆರಂಭವಾಗುವುದು? ಈವರೆಗೆ ಗಳಿಸಿದ ಕ್ರೆಡಿಟ್‌ಗಳನ್ನು ಹೊಸ ಸಂಸ್ಥೆ ಒಪ್ಪುವುದೇ? ಮೂಲ ಅಂಕಪಟ್ಟಿಗಳನ್ನು ಕಾಲೇಜುಗಳು ಒತ್ತೆಯಂತೆ ಇಟ್ಟುಕೊಳ್ಳಬಾರದೆಂದು ಧನಸಹಾಯ ಆಯೋಗವು 2018ರಲ್ಲಿಯೇ ಸೂಚಿಸಿದೆ ಎಂಬುದೂ ಹೆತ್ತವರಿಗೆ ತಿಳಿದಿರಲಿ.

ಮನೆಯ ಹೊಣೆ

ಮಗು ಈ ಮಾತನ್ನು ಮೊದಲ ಬಾರಿ ಹೇಳುವ ಗಳಿಗೆ ಬಹಳ ಸೂಕ್ಷ್ಮವಾದುದು. ಹಲವು ರಾತ್ರಿ ನಿದ್ರೆಗೆಟ್ಟು, ಧೈರ್ಯ ಕೂಡಿಸಿಕೊಂಡು ಅದು ಬಾಯಿ ತೆರೆದಿರುತ್ತದೆ. ಆಗ ‘ಜನ ಏನೆಂದಾರು’ ಎಂಬುದು ನಮ್ಮ ಮೊದಲ ಮಾತಾದರೆ ಎರಡನೆಯ ಬಾರಿ ಅದು ಬಾಯಿ ತೆರೆಯುವುದಿಲ್ಲ. ‘ಯಾವಾಗಿನಿಂದ ಹೀಗನ್ನಿಸುತ್ತಿದೆ? ನಿದ್ರೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ?’ ಎಂದು ಕೇಳೋಣ. ಒಪ್ಪಿಗೆಯನ್ನು ಅಂದೇ ಕೊಡಬೇಕಿಲ್ಲ. ಕೇಳಿಸಿಕೊಳ್ಳುವುದನ್ನು ಮಾತ್ರ ಅಂದೇ ಮಾಡಬೇಕು.

ಹೆಣ್ಣುಮಕ್ಕಳ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ‘ಈ ಓದು ಬೇಡವಾದರೆ ಮದುವೆಗೆ ನೋಡುತ್ತೇವೆ’ ಎಂಬ ಉತ್ತರ ಇಂದಿಗೂ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಈ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ನುಂಗಿಕೊಳ್ಳುತ್ತಾರೆ. ಮಗನಿಗೆ ಕೊಡುವ ಎರಡನೆಯ ಅವಕಾಶವನ್ನು ಮಗಳಿಗೂ ಕೊಡಬೇಕಾದದ್ದು ನ್ಯಾಯ.

ಮಕ್ಕಳಿಗೂ ಹೊಣೆಯುಂಟು. ಮನೆಯ ಸ್ಥಿತಿಯನ್ನು ಅವರಿಂದ ಮುಚ್ಚಿಡಬಾರದು. ಇಷ್ಟು ಸಾಲವಿದೆ, ಇಷ್ಟು ಆದಾಯವಿದೆ, ಇನ್ನೆಷ್ಟು ವರ್ಷ ನಿನ್ನನ್ನು ಓದಿಸಬಲ್ಲೆವು ಎಂದು ತಂದೆತಾಯಿ ಶಾಂತವಾಗಿ ಹೇಳಲಿ. ಹೊಸ ದಾರಿಗೆ ಎಷ್ಟು ಕಾಲ ಬೇಕು, ಖರ್ಚೆಷ್ಟು, ಸಫಲವಾಗದಿದ್ದರೆ ಮುಂದೇನು ಎಂಬುದನ್ನು ಮಗ ಅಥವಾ ಮಗಳು ಒಂದು ಹಾಳೆಯಲ್ಲಿ ಬರೆದು ತರಲಿ. ಆ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಜಗಳ ಮಾತುಕತೆಯಾಗುತ್ತದೆ.

ತಡಮಾಡಬಾರದ ಹೊತ್ತು

ಬದುಕೇ ಬೇಡವೆಂಬ ಮಾತು, ತನ್ನಿಂದ ಎಲ್ಲರಿಗೂ ಹೊರೆಯೆಂಬ ಮಾತು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಂದ ದೂರ ಸರಿಯುವುದು, ಮದ್ಯ ಅಥವಾ ಮಾದಕ ವಸ್ತುಗಳ ಬಳಕೆ ಇವು ಕಂಡರೆ ಓದಿನ ಚರ್ಚೆಯನ್ನು ಬದಿಗಿಡಬೇಕು. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಬೇಕು. ‘ಸಾಯಬೇಕೆನಿಸುತ್ತಿದೆಯೇ’ ಎಂದು ಪ್ರೀತಿಯಿಂದ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಅದುಮಿಟ್ಟುಕೊಂಡವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮನೋವೈದ್ಯರಿಗಾಗಿ ದೊಡ್ಡ ನಗರಕ್ಕೇ ಹೋಗಬೇಕೆಂದಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವನ್ನೇ ಮಾದರಿಯಾಗಿಸಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದರ ಸೇವೆ ಜಿಲ್ಲಾ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳೂ ಇವೆ.

ಕಾಯಕದ ಬೆಳಕಿನಲ್ಲಿ

ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವವರಿದ್ದರು, ಬಟ್ಟೆ ಮಡಿ ಮಾಡುವವರಿದ್ದರು, ಪಾದರಕ್ಷೆ ಹೊಲಿಯುವವರಿದ್ದರು, ನೂಲು ತೆಗೆಯುವ ತಾಯಂದಿರಿದ್ದರು. ಅವರ ನಡುವೆ ಕೆಲಸದ ಹೆಸರಿನಿಂದ ಯಾರೂ ಮೇಲಾಗಲಿಲ್ಲ, ಯಾರೂ ಕೀಳಾಗಲಿಲ್ಲ. ಆ ಪರಂಪರೆಯನ್ನು ನೆನೆಯುವ ನಾವು ಮಗ ಎಂಜಿನಿಯರಾಗದೆ ಶಿಕ್ಷಕನಾಗುತ್ತೇನೆಂದರೆ, ಮಗಳು ಬ್ಯಾಂಕು ಬಿಟ್ಟು ನೇಯ್ಗೆ ಕಲಿಯುತ್ತೇನೆಂದರೆ, ಮಾನ ಹೋಯಿತೆಂದು ಮರುಗುವುದಕ್ಕೆ ಕಾರಣವಿಲ್ಲ.

ಅದೇ ಕಾಯಕ ತತ್ತ್ವವು ಯುವಜನರಿಗೂ ಒಂದು ಮಾತು ಹೇಳುತ್ತದೆ. ಕಾಯಕವೆಂದರೆ ಕಷ್ಟವಿಲ್ಲದ ಕೆಲಸವಲ್ಲ, ಮನಸ್ಸು ಬಂದಾಗ ಮಾಡಿ ಬಿಡುವ ಕೆಲಸವೂ ಅಲ್ಲ. ಅದರಲ್ಲಿ ಶ್ರದ್ಧೆಯಿರಬೇಕು, ಅದರ ಫಲ ದಾಸೋಹವಾಗಿ ಇತರರಿಗೂ ಸಲ್ಲಬೇಕು. ‘ಇದು ನನಗೆ ಸಂತೋಷ ಕೊಡುತ್ತದೆಯೇ’ ಎಂದು ಕೇಳಿಕೊಳ್ಳುವಾಗ ‘ಇದನ್ನು ನಾನು ನಿಷ್ಠೆಯಿಂದ ಮಾಡಬಲ್ಲೆನೇ, ಇದರಿಂದ ಯಾರಿಗೆ ಉಪಕಾರ’ ಎಂಬ ಪ್ರಶ್ನೆಗಳನ್ನೂ ಸೇರಿಸಿಕೊಂಡರೆ ನಿರ್ಧಾರ ಗಟ್ಟಿಯಾಗುತ್ತದೆ.

ಈ ಬಾರಿ ರಜೆಗೆ ಮಕ್ಕಳು ಊರಿಗೆ ಬಂದಾಗ ಅಂಕಪಟ್ಟಿಯನ್ನು ಕೇಳುವ ಮೊದಲು ‘ಹೇಗಿದ್ದೀಯಪ್ಪಾ, ಹೇಗಿದ್ದೀಯವ್ವಾ’ ಎಂದು ಕೇಳೋಣ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯೋಣ.